ಎಲೀಯನಿಗೆ ಸಿಕ್ಕ ರೊಟ್ಟಿ



ಸೆಪ್ಟೆಂಬರ್ 8, ಆರೋಗ್ಯ ಮಾತೆಯ ಹಬ್ಬ. ಗಂಡ, ಮಕ್ಕಳು, ಅತ್ತೆ-ಮಾವಂದಿರ ಹೆಸರಿನಲ್ಲಿ ಮೇಣದಬತ್ತಿ ಹಚ್ಚುವ ತಾಯಂದಿರು ತಮಗಾಗಿ ಒಂದನ್ನು ಹಚ್ಚುವುದು ಅಪರೂಪ. "ನಂದೇನು ಬಿಡ್ರಿ ಫಾದರ್" ಎನ್ನುತ್ತಾರೆ. ಮಾನ್ವಿಯ ಗದ್ದೆಯಲ್ಲಿ ನಾಟಿ ಮಾಡಿ, ದೇವದುರ್ಗದ ಹೊಲದಲ್ಲಿ ಹತ್ತಿ ಬಿಡಿಸಿ ಬಂದವಳು ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಉಣ್ಣುವುದೇ ತ್ಯಾಗವೆಂದು ನಂಬಿದ್ದೇವೆ. ಹಾಗೆಂದು ಹೊಗಳಿದವರಲ್ಲಿ ನಾವು ಗುರುಗಳೂ ಇದ್ದೇವೆ.

ಅರಸುಗಳು ಮೊದಲನೆಯ ಗ್ರಂಥದ 19ನೇ ಅಧ್ಯಾಯ ನೋಡಿ. ಬದುಕು ಸಾಕೆಂದು ಗಿಡದ ಕೆಳಗೆ ಮಲಗಿದ ಎಲೀಯನನ್ನು ದೇವದೂತ ಗದರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಎಬ್ಬಿಸಿ ಇನ್ನೊಮ್ಮೆ ಉಣಿಸಿದ. ಆಮೇಲೆಯೇ ಹೋರೇಬಿಗೆ 40 ದಿನಗಳ ನಡಿಗೆ. ಅದು ಸ್ವಾರ್ಥವೇ?

ದುಡ್ಡಿಲ್ಲ ಎನ್ನುವಿರಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ತಪಾಸಣೆ ಉಚಿತ. ಹೆಚ್ಚಿನದಕ್ಕೆ ರಾಯಚೂರಿನಲ್ಲಿ ರಿಮ್ಸ್ ಇದೆ. ಒಂದು ದಿನದ ಕೂಲಿ ತಪ್ಪುತ್ತದೆ, ನಿಜ. ನಾನದನ್ನು ಹಗುರವಾಗಿ ಹೇಳುತ್ತಿಲ್ಲ. ಆದರೆ ಲಕ್ವ ಹೊಡೆದು ಮಂಚ ಹಿಡಿದರೆ ತಪ್ಪುವ ಕೂಲಿ ಎಷ್ಟು ದಿನದ್ದು?

ಪೂಜೆಯ ನಂತರ ಹಬ್ಬದ ಊಟವಿದೆ. ಇಂದು ಗಂಡಸರು ಬಡಿಸಲಿ; ತಾಯಂದಿರು ಮೊದಲ ಪಂಕ್ತಿಯಲ್ಲಿ ಕೂಡಲಿ.