ಹೊಸಬನನ್ನು ಓಡಿಸುವ ಗುಂಪು ಉಳಿಯದು

(ಶಿಡ್ಲಘಟ್ಟದಲ್ಲಿ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿ.ಯು.ಸಿ.ಗೆ ಓದು ನಿಲ್ಲಿಸಿ ಪ್ರೆಸ್ಸು ಸೇರಿದವನು. ಮದುವೆ ಪತ್ರಿಕೆ, ಬಿಲ್ ಬುಕ್ಕು, ನಿಮ್ಮ ಸಂಘದ ಕರಪತ್ರ, ಇವೇ ನನ್ನ ಸಾಹಿತ್ಯ. ಯುವಕರ ಬಗ್ಗೆ ಎರಡು ಮಾತಾಡಿ ಎಂದಿದ್ದೀರಿ. ಯುವಕರು ಎಲ್ಲಿದ್ದಾರೋ ಅಲ್ಲಿಂದಲೇ ಶುರು ಮಾಡುತ್ತೇನೆ. ಅವರು ಮೊಬೈಲ್ ಆಟದೊಳಗೆ ಇದ್ದಾರೆ.

ನಗಬೇಡಿ. ಹಣ ಕಟ್ಟಿ ಆಡುವ ಆಟಗಳ ಮಾತಲ್ಲ ಇದು. ಅವನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿದೆ. ನಾನು ಹೇಳುತ್ತಿರುವುದು ಬಿಜಿಎಂಐ ತರಹದ ಆಟ. ಪಬ್‌ಜಿಯನ್ನು 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಲ್ಲಿಸಿತು. 2021ರ ಜುಲೈನಲ್ಲಿ ಅದೇ ಬಗೆಯ ಆಟ ಈ ಹೆಸರಿನಲ್ಲಿ ಬಂತು. 2022ರ ಜುಲೈನಲ್ಲಿ ಅದನ್ನೂ ತೆಗೆಸಿದರು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆದ್ದಂತೆ. ನಾಲ್ಕು ಜನರ ಗುಂಪು ಕಟ್ಟಿ ಆಡಬಹುದು. ಒಬ್ಬ ಚಿಂತಾಮಣಿಯವನು, ಒಬ್ಬ ಲಕ್ನೋದವನು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಲೇ ಆಡುತ್ತಾರೆ.

ನನ್ನ ಮಗ ಇದಕ್ಕೆ ಹೊಸದಾಗಿ ಸೇರಿದಾಗ ಒಂದು ರಾತ್ರಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ‘ಏನೋ?’ ಅಂದೆ. ‘ನೂಬ್ ಅಂತ ಬೈದು ಗುಂಪಿನಿಂದ ತೆಗೆದುಬಿಟ್ಟರಪ್ಪ’ ಅಂದ. ನೂಬ್ ಎಂದರೆ ಏನೂ ಬಾರದ ಹೊಸಬ, ಪೆದ್ದ ಎಂದು ಅರ್ಥವಂತೆ. ಇವನು ಕನ್ನಡದಲ್ಲಿ ಏನೋ ಕೇಳಿದ್ದಾನೆ. ಅದಕ್ಕೂ ಗೇಲಿ ಮಾಡಿದ್ದಾರೆ. ಮಾರನೆಯ ದಿನದಿಂದ ಮಗ ಆಟದಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಕನ್ನಡದ ಹೆಸರು ಇಟ್ಟುಕೊಂಡಿದ್ದ, ಅದನ್ನೂ ಬದಲಾಯಿಸಿದ. ನನ್ನ ಹೊಟ್ಟೆ ಉರಿದುಹೋಯಿತು ಬಂಧುಗಳೇ. ಕರಪತ್ರ ಅಚ್ಚು ಹಾಕಿ ಊರಿಗೆಲ್ಲ ಹಂಚುವವನ ಮನೆಯಲ್ಲೇ ಕನ್ನಡ ಬಾಯಿ ಮುಚ್ಚಿತಲ್ಲ!

ಇಲ್ಲಿಗೆ ಮುಗಿದಿದ್ದರೆ, ಹೊರಗಿನವರನ್ನು ಬೈದು ಚಪ್ಪಾಳೆ ಗಿಟ್ಟಿಸಿ ಕೂತುಬಿಡುತ್ತಿದ್ದೆ. ಇಲ್ಲಿಗೆ ಮುಗಿಯಲಿಲ್ಲ.

ಒಂದು ವರ್ಷ ಕಳೆಯಿತು. ಮಗ ಪಳಗಿದ. ನಮ್ಮ ಕಡೆಯ ಹುಡುಗರದೇ ಒಂದು ಗುಂಪಾಯಿತು. ಕನ್ನಡವೂ ವಾಪಸ್ಸು ಬಂತು. ಒಂದು ದಿನ ಅವನ ಕೂಗಾಟ ಕೇಳಿಸಿತು. ಗೌರಿಬಿದನೂರು ಕಡೆಯ ಹೊಸ ಹುಡುಗನೊಬ್ಬ ಗುಂಪಿಗೆ ಸೇರಿದ್ದಾನೆ, ಮಾತಿನಲ್ಲಿ ಅರ್ಧ ತೆಲುಗು. ನನ್ನ ಮಗ ಅವನನ್ನು, ‘ನೂಬ್, ಮೊದಲು ಸರಿಯಾಗಿ ಮಾತಾಡೋದು ಕಲಿತು ಬಾರೋ’ ಎಂದು ಹೀಯಾಳಿಸುತ್ತಿದ್ದಾನೆ! ಫೋನು ಕಿತ್ತುಕೊಂಡೆ. ‘ನಿನಗೆ ಮಾಡಿದ್ದನ್ನೇ ಇನ್ನೊಬ್ಬನಿಗೆ ಮಾಡುತ್ತೀಯಲ್ಲೋ’ ಎಂದು ರೇಗಿದೆ. ಅವನು ತಣ್ಣಗೆ ಒಂದೇ ಮಾತು ಹೇಳಿದ: ‘ಪ್ರೆಸ್ಸಿನಲ್ಲಿ ಆ ಹುಡುಗನಿಗೆ ನೀನು ಮಾಡಿದ್ದೇನಪ್ಪ?’

ನನಗೆ ಉತ್ತರ ಹೊಳೆಯಲಿಲ್ಲ. ಚಿಂತಾಮಣಿಯ ಗಡಿ ಹಳ್ಳಿಯಿಂದ ಒಬ್ಬ ಹುಡುಗ ನನ್ನಲ್ಲಿ ಕೆಲಸಕ್ಕೆ ಬಂದಿದ್ದ. ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆಯಲ್ಲಿ. ಮಾತಿನಲ್ಲಿ ಎರಡೂ ಬೆರೆಯುತ್ತಿದ್ದವು. ಗಿರಾಕಿಗಳ ಮುಂದೆ ನಾನು ಅವನ ಮಾತನ್ನು ಅಣಕಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಎರಡು ತಿಂಗಳಿಗೆ ‘ಅಣ್ಣಾ, ನಾಳೆಯಿಂದ ಬರಲ್ಲ’ ಅಂದ. ಸಂಬಳ ಸಾಲದೇನೋ ಅಂದುಕೊಂಡೆ. ನನ್ನ ಮಗನಿಗೆ ಕಾರಣ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆ ಹುಡುಗ ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ನಾನೂ ಒಂದು ಕಾಲಕ್ಕೆ ಹೊಸಬನೇ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲ ಅದು. ಮೊದಲ ದಿನವೇ ಹಿರಿಯರು, ‘ಪಕ್ಕದ ಪ್ರೆಸ್ಸಿಗೆ ಹೋಗಿ ಒಂದು ಕೆ.ಜಿ. ಅರ್ಕಾವತ್ತು ತಗೊಂಡು ಬಾ’ ಎಂದು ಕಳಿಸಿದರು. ನಿಜವೆಂದು ನಂಬಿ ಹೋದೆ. ಅವರು ಇನ್ನೊಂದು ಪ್ರೆಸ್ಸಿಗೆ ಅಟ್ಟಿದರು. ಬರಿಗೈಲಿ ಬಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಅದೇ ಸಂಜೆ ಹಿರಿಯ ಕಂಪೋಸಿಟರ್ ಒಬ್ಬರು ಪಕ್ಕದಲ್ಲಿ ನಿಲ್ಲಿಸಿಕೊಂಡು, ಯಾವ ಮನೆಯಲ್ಲಿ ಯಾವ ಅಕ್ಷರ ಇದೆ ಎಂದು ಕೈ ಹಿಡಿದು ತೋರಿಸಿಕೊಟ್ಟರು. ನಾನು ಉಳಿದುಕೊಂಡದ್ದು ಆ ಸಂಜೆಯ ದೆಸೆಯಿಂದ. ನಗು ಇರಲಿ, ನಕ್ಕ ಮೇಲೆ ಕಲಿಸುವವನೂ ಒಬ್ಬ ಇರಬೇಕು. ಚಿಂತಾಮಣಿಯ ಹುಡುಗನಿಗೆ ನಾನು ಕೊಟ್ಟದ್ದು ನಗುವನ್ನು ಮಾತ್ರ.

ರೇಷ್ಮೆ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಚಾಕಿ ಹುಳುವಿಗೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತೀರಿ. ಹದವಾದ ಬಿಸಿ, ಹದವಾದ ತೇವ ನೋಡಿಕೊಳ್ಳುತ್ತೀರಿ. ನಾಲ್ಕು ಜ್ವರ ಎದ್ದ ಮೇಲೆ ಅದೇ ಹುಳು ಬಲಿತ ಸೊಪ್ಪನ್ನು ಸರಸರನೆ ತಿನ್ನುತ್ತದೆ. ಚಾಕಿ ಹುಳುವಿಗೆ ಬಲಿತ ಸೊಪ್ಪು ಹಾಕಿ, ‘ತಿನ್ನೋಕೆ ಬರಲ್ಲ ನಿನಗೆ’ ಎಂದು ಬೈದರೆ ಗೂಡು ಎಲ್ಲಿಂದ ಬರಬೇಕು? ಮಾರುಕಟ್ಟೆಗೆ ಏನು ಹೊತ್ತುಕೊಂಡು ಹೋಗುತ್ತೀರಿ?

ಈ ಗುಟ್ಟು ಆಟ ಮಾಡುವ ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಪಬ್‌ಜಿ ಬಗೆಯ ಆಟದಲ್ಲಿ ಹೊಸಬನ ಎದುರಿಗೆ ಮೊದಮೊದಲು ಬರುವವರಲ್ಲಿ ಬಹಳಷ್ಟು ಮಂದಿ ಮನುಷ್ಯರೇ ಅಲ್ಲ, ಕಂಪ್ಯೂಟರ್ ಆಡಿಸುವ ಗೊಂಬೆಗಳು. ಹುಡುಗ ಗೆಲ್ಲಲಿ, ಧೈರ್ಯ ಬರಲಿ ಎಂದು. ಜಪಾನಿನ ‘ಫೈನಲ್ ಫ್ಯಾಂಟಸಿ 14’ ಎಂಬ ಆಟದಲ್ಲಿ ಹೊಸಬನ ಹೆಸರಿನ ಜೊತೆ ಒಂದು ಮೊಳಕೆಯ ಗುರುತು ಇರುತ್ತದೆ. ಇವನು ಎಳೆಯ, ಮೆಲ್ಲಗೆ ನಡೆಸಿಕೊಳ್ಳಿ ಎಂದು ಅರ್ಥ. ಹೊಸಬರ ಪ್ರಶ್ನೆಗೆ ಹಳಬರು ಉತ್ತರ ಹೇಳಲೆಂದೇ ಅದರಲ್ಲಿ ಒಂದು ವ್ಯವಸ್ಥೆ ಇದೆ. ಐಸ್‌ಲ್ಯಾಂಡ್‌ನ ಕಂಪನಿ 2003ರಲ್ಲಿ ‘ಈವ್ ಆನ್‌ಲೈನ್’ ಎಂಬ ಬಹಳ ಕಷ್ಟದ ಆಟ ತಂದಿತು. ಮರುವರ್ಷವೇ ಆಟಗಾರರು ತಾವೇ ಸೇರಿ, ಹೊಸಬರಿಗೆ ಪಾಠ ಹೇಳಲು ‘ಈವ್ ಯೂನಿವರ್ಸಿಟಿ’ ಎಂಬ ಗುಂಪು ಕಟ್ಟಿದರು. ಕಂಪನಿ ಲಾಭಕ್ಕೆ ಮಾಡುತ್ತದೆ ಅನ್ನೋಣ. ಈ ಹಳಬರು ಯಾಕೆ ಮಾಡಿದರು? ಆಡುವವರು ಇಲ್ಲದೆ ಹೋದರೆ ತಮ್ಮ ಆಟವೇ ನಿಂತುಹೋಗುತ್ತದೆಂದು ಅವರು ಅರಿತಿದ್ದರು.

ಭಾಷೆಗೂ ಇದೇ ಮಾತು. ನಮ್ಮ ಹಳೆಯ ಕೋಲಾರ ಜಿಲ್ಲೆಯನ್ನೇ ನೋಡಿ. 2007ರಲ್ಲಿ ನಾವು ಬೇರೆ ಜಿಲ್ಲೆಯಾದೆವು, ಸರಿ. ಆದರೆ ಮಾಸ್ತಿಯವರು ಆ ಮಣ್ಣಿನವರೇ. ಮನೆಮಾತು ತಮಿಳು, 1983ರ ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ಗೌರಿಬಿದನೂರು ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದರು. ಆ ಹಳ್ಳಿ ಹುಡುಗನಿಗೆ ಅಲ್ಲಿ ಯಾರೋ ಜಾಗ ಕೊಟ್ಟರು. ಅವರೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಿಜ್ಞಾನವನ್ನು ಸಾಮಾನ್ಯ ಜನರ ಹತ್ತಿರಕ್ಕೆ ತಂದರು. ಬಂದ ದಿನವೇ ಅಣಕಿಸಿ ಓಡಿಸಿದ್ದರೆ ನಷ್ಟ ಯಾರಿಗೆ?

ಹಳಬರ ಕಷ್ಟವೂ ನನಗೆ ಗೊತ್ತು. ನಾಲ್ವರಲ್ಲಿ ಒಬ್ಬ ಎಡವಿದರೆ ನಾಲ್ವರೂ ಸೋಲುತ್ತಾರೆ, ತಿಂಗಳುಗಟ್ಟಲೆ ಆಡಿ ಗಳಿಸಿದ ದರ್ಜೆ ಇಳಿಯುತ್ತದೆ. ಪ್ರೆಸ್ಸಿನಲ್ಲೂ ಹೊಸಬ ಕೈ ತಪ್ಪಿದರೆ ಕಾಗದ ಹಾಳು. ಹಾಗಾಗಿ ಹೊಸಬನಿಗೂ ಒಂದು ಮಾತು: ಕೇಳಿ ಕಲಿ, ಹೇಳಿದ್ದನ್ನು ಮಾಡು, ತಪ್ಪಾದರೆ ಒಪ್ಪಿಕೋ. ಬಂದ ದಿನವೇ ಯಜಮಾನಿಕೆ ಬೇಡ.

ಹಳಬರಿಗೆ ನನ್ನದು ಮೂರೇ ಬೇಡಿಕೆ. ಒಂದು, ಹೊಸಬನ ಮೊದಲ ಹತ್ತು ಆಟದಲ್ಲಿ ಬೈಗುಳ ಬೇಡ. ಎರಡು, ಒಬ್ಬ ಹಳಬ ಒಬ್ಬ ಹೊಸಬನನ್ನು ಜೊತೆಗೆ ಹಾಕಿಕೊಳ್ಳಲಿ. ಮೂರು, ನಿಮ್ಮ ಗುಂಪಿನಲ್ಲಿ ಕನ್ನಡ ಮಾತಾಡಿ, ಆದರೆ ಬಂದವನ ಕನ್ನಡ ಹೇಗಿದ್ದರೂ ನಗಬೇಡಿ. ತೆಲುಗು ಬೆರೆತರೆ ಬೆರೆಯಲಿ, ಹಿಂದಿ ಹುಡುಗ ತೊದಲಿದರೆ ತೊದಲಲಿ. ತೊದಲದೆ ಯಾವ ಮಗು ಮಾತು ಕಲಿತಿದೆ?

ನನ್ನ ಮಗ ಆ ಗೌರಿಬಿದನೂರಿನ ಹುಡುಗನನ್ನು ಮತ್ತೆ ಗುಂಪಿಗೆ ಕರೆದ. ಹುಡುಗ ಬಂದ. ಈಗ ಇಬ್ಬರೂ ಜೊತೆಗೆ ಆಡುತ್ತಾರೆ, ಜೊತೆಗೇ ಸೋಲುತ್ತಾರೆ. ಮಗ ತನ್ನ ತಪ್ಪು ತಿದ್ದಿಕೊಂಡ. ನನ್ನದು ಇನ್ನೂ ಬಾಕಿ ಇದೆ. ಮುಂದಿನ ಭಾನುವಾರ ಚಿಂತಾಮಣಿ ಬಸ್ಸು ಹತ್ತುತ್ತೇನೆ. ಆ ಹುಡುಗ ಕೆಲಸಕ್ಕೆ ಬರಲಿ ಬಿಡಲಿ, ‘ತಪ್ಪಾಯ್ತಪ್ಪ’ ಎಂದು ಹೇಳಿ ಬರುತ್ತೇನೆ.

ನಿಮ್ಮಲ್ಲೂ ಯಾರಿಗಾದರೂ ಇಂಥ ಬಾಕಿ ಇದ್ದರೆ ತೀರಿಸಿಕೊಳ್ಳಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ಜೈ ಕರ್ನಾಟಕ!