ಭೂತಾನಿನ ಬಿಲ್ಲುಗಾರರು

ಇಂದು ಸುಮಾರು ಎಂಟು ಲಕ್ಷ ಜನಸಂಖ್ಯೆಯಿರುವ ಭೂತಾನ್ 1984ರಲ್ಲಿ ಲಾಸ್ ಏಂಜಲೀಸ್‌ನ ಒಲಿಂಪಿಕ್ಸ್‌ಗೆ ಮೊದಲ ಬಾರಿ ಹೊರಟಾಗ ತನ್ನ ರಾಷ್ಟ್ರೀಯ ಕ್ರೀಡೆಯಾದ ಬಿಲ್ಲುಗಾರಿಕೆಯೊಂದನ್ನೇ ನೆಚ್ಚಿಕೊಂಡಿತು. 2012ರಲ್ಲಿ ಲಂಡನ್ನಿಗೆ ಶೂಟಿಂಗ್ ಸ್ಪರ್ಧಿಯನ್ನೂ ಕಳುಹಿಸುವವರೆಗೆ ಅದೇ ಕ್ರಮ ಮುಂದುವರಿಯಿತು. ಕೈಯಲ್ಲಿರುವ ವಿದ್ಯೆಯಿಂದಲೇ ಆರಂಭಿಸಿದ ಈ ನಡೆ ವಿವೇಕದ್ದು.

ಆದರೆ ಪರಂಪರೆಯೊಂದೇ ಸಾಲಲಿಲ್ಲ. ಅಲ್ಲಿನ ಹಳ್ಳಿಗಳಲ್ಲಿ ನೂರನಲವತ್ತು ಮೀಟರಿಗೂ ಆಚೆ ನೆಟ್ಟ ಸಣ್ಣ ಮರದ ಹಲಗೆಗೆ ಬಾಣ ತಾಗಿದೊಡನೆ ಜೊತೆಗಾರರು ಹಾಡಿ ಕುಣಿಯುತ್ತಾರೆ. ಒಲಿಂಪಿಕ್ಸ್‌ನಲ್ಲಾದರೋ ಗುರಿ ಇರುವುದು ಎಪ್ಪತ್ತು ಮೀಟರಿನಲ್ಲಿ, ಬಿಲ್ಲು ಬೇರೆ, ಅಂಕಗಳ ಲೆಕ್ಕ ಬೇರೆ. ಹೀಗಾಗಿ ಬಲ್ಲ ವಿದ್ಯೆಯನ್ನೇ ಮತ್ತೆ ಕಲಿಯಬೇಕಾಯಿತು.

ಅರ್ಹತಾ ಮಟ್ಟ ಮುಟ್ಟಲು ಕಷ್ಟಪಡುವ ಸಣ್ಣ ರಾಷ್ಟ್ರಗಳಿಗೆಂದು ಕಾದಿರಿಸಿದ ‘ಯೂನಿವರ್ಸಾಲಿಟಿ’ ಸ್ಥಾನಗಳು ಈ ದೀರ್ಘ ಕಲಿಕೆಗೆ ಆಸರೆಯಾದವು. ಅವನ್ನು ದಾನವೆಂದು ಹಗುರವಾಗಿ ಕಾಣುವುದು ಸಲ್ಲದು, ಏಕೆಂದರೆ ಆ ವರ್ಷಗಳ ಅನುಭವದ ಬೆನ್ನಲ್ಲೇ ಕರ್ಮಾ ಎಂಬ ಬಿಲ್ಲುಗಾರ್ತಿ ಸ್ವಂತ ಅರ್ಹತೆಯಿಂದ ಟೋಕಿಯೋ ಕೂಟಕ್ಕೆ ಆಯ್ಕೆಯಾದರು.

ಬಿಲ್ಲುಗಾರಿಕೆಯ ಆಚೆಗೂ ಭೂತಾನ್ ಹೆಜ್ಜೆ ಇಟ್ಟಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಅಲ್ಲಿನ ಓಟಗಾರ್ತಿ ಕಿನ್ಜಾಂಗ್ ಲ್ಹಾಮೊ ವಿಜೇತೆಗಿಂತ ಸುಮಾರು ಒಂದೂವರೆ ಗಂಟೆ ತಡವಾಗಿ, ಎಲ್ಲರಿಗಿಂತ ಕೊನೆಯವರಾಗಿ ಗುರಿ ಮುಟ್ಟಿದರು. ಕಾಲು ಸೋತಾಗ ನಡೆದರು, ಮತ್ತೆ ಓಡಿದರು, ಜನರು ಚಪ್ಪಾಳೆ ತಟ್ಟುತ್ತ ಅವರ ಪಕ್ಕದಲ್ಲೇ ಸಾಗಿದರು. ಭೂತಾನಿಗೆ ಒಲಿಂಪಿಕ್ ಪದಕ ಇನ್ನೂ ದೊರೆತಿಲ್ಲ; 1984ರಿಂದ ಒಂದು ಬೇಸಿಗೆ ಕೂಟವನ್ನೂ ಅದು ತಪ್ಪಿಸಿಲ್ಲ.