ಸ್ಕಾಟ್ಲೆಂಡಿನ ಕಾಡುಬೆಕ್ಕು ಮನೆಬೆಕ್ಕಿನೊಳಗೆ ಕರಗಿದ್ದು ಹೇಗೆ?

ಕಾಡುಪ್ರಾಣಿಗಳ ಮಾತು ಬಂದರೆ ನಾವು ಹುಲಿ, ಆನೆ, ಚಿರತೆ ಅಷ್ಟರಲ್ಲೇ ಮುಗಿಸಿಬಿಡ್ತೇವೆ. ಇವತ್ತು ಅವು ಯಾವುವೂ ಇಲ್ಲ. ಇವತ್ತಿನದು ಐದಾರು ಕಿಲೋ ತೂಗುವ ಒಂದು ಬೆಕ್ಕಿನ ಕತೆ. ಅದನ್ನು ಯಾರೂ ಪೂರ್ತಿ ಕೊಂದು ಮುಗಿಸಲಿಲ್ಲ. ಆದರೂ ಅದು ತನ್ನ ಕಾಡಿನಿಂದ ಹೆಚ್ಚೂಕಡಿಮೆ ಇಲ್ಲವಾಗಿದೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮ ಕಡೆ ‘ಕಾಡುಬೆಕ್ಕು’ ಅಂದರೆ ಒಬ್ಬೊಬ್ಬರ ಮನಸ್ಸಿಗೆ ಒಂದೊಂದು ಪ್ರಾಣಿ ಬರುತ್ತೆ. ಕೆಲವರು ಪುನುಗು ಬೆಕ್ಕಿಗೂ ಹಾಗೇ ಅಂತಾರೆ, ಅದು ಬೆಕ್ಕಿನ ಜಾತಿಯೇ ಅಲ್ಲ. ಇವತ್ತು ನಾನು ಹೇಳ್ತಿರೋದು ಯುರೋಪಿನ ಕಾಡುಬೆಕ್ಕು, ವಿಜ್ಞಾನಿಗಳ ಭಾಷೆಯಲ್ಲಿ ಫೆಲಿಸ್ ಸಿಲ್ವೆಸ್ಟ್ರಿಸ್. ನೋಡೋಕೆ ನಮ್ಮ ಬೀದಿಯ ಪಟ್ಟೆಬೆಕ್ಕಿನ ಹಾಗೇ. ಸ್ವಲ್ಪ ದಪ್ಪ, ಬಾಲ ಪೊದೆಯ ಹಾಗೆ. ಸ್ಕಾಟ್ಲೆಂಡಿನ ಮೇಲ್ನಾಡು ಅಂದ್ರೆ ಹೈಲ್ಯಾಂಡ್ಸ್‌ನಲ್ಲಿ ಅದಕ್ಕೆ ಭಾರಿ ಗೌರವ. ಚಾಟನ್ ಎಂಬ ಮನೆತನಗಳ ಒಕ್ಕೂಟದ ಲಾಂಛನದಲ್ಲೇ ಈ ಬೆಕ್ಕಿದೆ. ‘ಕೈಗವಸಿಲ್ಲದೆ ಬೆಕ್ಕನ್ನು ಮುಟ್ಟಬೇಡ’ ಅನ್ನೋದು ಅವರ ಧ್ಯೇಯವಾಕ್ಯ.

ಗೌರವ ಲಾಂಛನದಲ್ಲಿತ್ತು, ಕಾಡಿನಲ್ಲಿ ಇರಲಿಲ್ಲ. ಬ್ರಿಟನ್ನಿನಲ್ಲಿ ಕಾಡು ಕಡಿದು ಹುಲ್ಲುಗಾವಲು ಮಾಡಿದರು. ಹತ್ತೊಂಬತ್ತನೇ ಶತಮಾನದಲ್ಲಿ ಶ್ರೀಮಂತರ ಹಕ್ಕಿ ಬೇಟೆಯ ಎಸ್ಟೇಟುಗಳು ಬಂದವು. ಆ ಹಕ್ಕಿಗಳನ್ನು ತಿನ್ನುವ ಯಾವ ಪ್ರಾಣಿಯನ್ನೂ ಎಸ್ಟೇಟಿನ ಕಾವಲುಗಾರರು ಬಿಡುತ್ತಿರಲಿಲ್ಲ. ಉರುಳು, ಬಂದೂಕು, ಎಲ್ಲವೂ ನಡೆಯಿತು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಕಾಡುಬೆಕ್ಕು ಆ ಶತಮಾನದಲ್ಲೇ ಮುಗಿಯಿತು. ಉತ್ತರ ಸ್ಕಾಟ್ಲೆಂಡಿನಲ್ಲಿ ಒಂದಿಷ್ಟು ಉಳಿದವು. ಮೊದಲ ಮಹಾಯುದ್ಧಕ್ಕೆ ಕಾವಲುಗಾರರೇ ಹೊರಟುಹೋದಾಗ ಬೆಕ್ಕುಗಳಿಗೆ ಕೊಂಚ ಉಸಿರಾಡಲು ಬಿಡುವು ಸಿಕ್ಕಿತು, ಸಂಖ್ಯೆಯೂ ಸ್ವಲ್ಪ ಚೇತರಿಸಿತು. 1988ರಲ್ಲಿ ಕಾನೂನಿನ ರಕ್ಷಣೆಯೂ ಬಂತು.

ಇಲ್ಲಿಗೆ ಕತೆ ಸುಖಾಂತ್ಯ ಆಗಬೇಕಿತ್ತು ಅಲ್ವಾ? ಆಗಲಿಲ್ಲ.

ಕಾನೂನೇನೋ ಬಂತು, ಆದರೆ ಯಾವುದು ಕಾಡುಬೆಕ್ಕು ಅಂತ ಹೇಳೋರು ಯಾರು? ಕಾಡುಬೆಕ್ಕು ಮನೆಬೆಕ್ಕಿನ ಜೊತೆ ಕೂಡುತ್ತೆ, ಮರಿ ಹಾಕುತ್ತೆ, ಆ ಮರಿಗಳೂ ಮರಿ ಹಾಕುತ್ತವೆ. ಹೇಸರಗತ್ತೆಯ ಹಾಗೆ ಅಲ್ಲಿಗೇ ನಿಲ್ಲೋದಿಲ್ಲ. ಗುಂಡು ಹಾರಿಸಿದವನು ‘ಅದು ಬೀಡಾಡಿ ಬೆಕ್ಕು ಸ್ವಾಮಿ’ ಅಂದರೆ ಅಲ್ಲ ಅಂತ ಸಾಬೀತು ಮಾಡೋದು ಹೇಗೆ? ಹಾಗಾಗಿ ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆಂಡ್ರ್ಯೂ ಕಿಚನರ್ ಮತ್ತು ಸಂಗಡಿಗರು 2005ರಲ್ಲಿ ಒಂದು ಅಂಕಪಟ್ಟಿ ಪ್ರಕಟಿಸಿದರು. ಮೈಮೇಲಿನ ಏಳು ಗುರುತುಗಳು, ಒಂದೊಂದಕ್ಕೆ ಒಂದರಿಂದ ಮೂರು ಅಂಕ. ಒಟ್ಟು 21. ಬೆನ್ನಿನ ಮೇಲಿನ ಕಪ್ಪು ಗೆರೆ ಬಾಲದ ಬುಡಕ್ಕೇ ನಿಲ್ಲಬೇಕು, ಮುಂದುವರಿದರೆ ಅಂಕ ಕಡಿಮೆ. ಬಾಲದ ಬಳೆಗಳು ಬಿಡಿಬಿಡಿಯಾಗಿರಬೇಕು. ಬಾಲದ ತುದಿ ಮೊಂಡಾಗಿ, ಕಪ್ಪಗಿರಬೇಕು. ಕತ್ತಿನ ಹಿಂದೆ ನಾಲ್ಕು ದಪ್ಪ ಗೆರೆ. ಹೀಗೆ. ಮದುವೆಗೆ ಜಾತಕ ನೋಡಿದ ಹಾಗೆ ಬೆಕ್ಕಿಗೆ ಗುಣ ಕೂಡಿಸೋದು ಅಂದ್ಕೊಳ್ಳಿ.

ಇಂಥ ಅಳತೆಗೋಲು ಬಿಗಿಯಾದಷ್ಟೂ ಬೆಕ್ಕುಗಳ ಸಂಖ್ಯೆ ಇಳಿಯುತ್ತಾ ಬಂತು. 1995ರ ಅಂದಾಜು ಸುಮಾರು 3,500. ಆಮೇಲಿನ ಒಂದು ಅಂದಾಜು 115ರಿಂದ 314ರ ನಡುವೆ. ಅಷ್ಟೂ ಬೆಕ್ಕು ಸತ್ತವು ಅಂತಲ್ಲ. ಎಷ್ಟೋ ಬೆಕ್ಕು ಕಾಡಿನಲ್ಲೇ ಇದ್ದವು, ಕಾಡುಬೆಕ್ಕು ಎಂಬ ಲೆಕ್ಕಕ್ಕೆ ಮಾತ್ರ ಬರಲಿಲ್ಲ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಕಸಿವಿಸಿ ಮಾಡಿದ ಸಂಗತಿ ಇದು. ಆಮೇಲೆ ವಂಶವಾಹಿ ಪರೀಕ್ಷೆಗಳು ಬಂದವು. ಮೈಬಣ್ಣದಲ್ಲಿ ಪಾಸಾದ ಬೆಕ್ಕುಗಳಲ್ಲೂ ಮನೆಬೆಕ್ಕಿನ ಅಂಶ ಸಿಕ್ಕಿತು. 2019ರಲ್ಲಿ ಐಯುಸಿಎನ್ ಬೆಕ್ಕು ತಜ್ಞರ ತಂಡ ಸ್ಪಷ್ಟವಾಗಿ ಹೇಳಿಬಿಟ್ಟಿತು: ಸ್ಕಾಟ್ಲೆಂಡಿನ ಕಾಡಿನಲ್ಲಿ ಉಳಿದಿರುವ ಕಾಡುಬೆಕ್ಕುಗಳು ತಮ್ಮಷ್ಟಕ್ಕೆ ತಾವು ಬದುಕಿ ಮುಂದುವರಿಯುವ ಸ್ಥಿತಿಯಲ್ಲಿ ಇಲ್ಲ.

ಹಾಗಾದರೆ ತಪ್ಪು ಮನೆಬೆಕ್ಕಿನದಾ? ಬಹುತೇಕರು ಹಾಗೇ ಅಂದ್ಕೊಂಡಿದ್ದರು. ಆದರೆ ಒಂದು ಪ್ರಶ್ನೆ ಉಳಿದಿತ್ತು. ಮನೆಬೆಕ್ಕು ಬ್ರಿಟನ್ನಿಗೆ ಬಂದು ಎರಡು ಸಾವಿರ ವರ್ಷದ ಮೇಲಾಯಿತು. ಬೆರೆಯುವುದೇ ಆಗಿದ್ದರೆ ಯಾವತ್ತೋ ಬೆರೆತು ಮುಗಿಯಬೇಕಿತ್ತು. ಇದಕ್ಕೆ ಉತ್ತರ ಸಿಕ್ಕಿದ್ದು 2023ರಲ್ಲಿ. ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಎರಡು ಅಧ್ಯಯನಗಳು ಬಂದವು. ಒಂದು ತಂಡ ಪುರಾತತ್ವದ ಅಗೆತಗಳಲ್ಲಿ ಸಿಕ್ಕ, ಸಾವಿರಾರು ವರ್ಷ ಹಳೆಯ ಬೆಕ್ಕಿನ ಮೂಳೆಗಳಿಂದ ಡಿಎನ್‌ಎ ತೆಗೆದು ನೋಡಿತು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಜೋ ಹೊವರ್ಡ್-ಮೆಕೂಂಬ್ ಮತ್ತು ಸಹೋದ್ಯೋಗಿಗಳ ಇನ್ನೊಂದು ತಂಡ ಈಗಿನ ಬೆಕ್ಕುಗಳ ಜೀನೋಮನ್ನು ಓದಿತು. ಎರಡೂ ಬಂದು ನಿಂತದ್ದು ಒಂದೇ ಕಡೆ. ಎರಡು ಸಾವಿರ ವರ್ಷ ಅಕ್ಕಪಕ್ಕದಲ್ಲೇ ಇದ್ದರೂ ಈ ಎರಡು ಬೆಕ್ಕುಗಳು ಹೆಚ್ಚು ಬೆರೆತಿರಲಿಲ್ಲ. ಬೆರಕೆ ಜೋರಾದದ್ದು ಕಳೆದ ಅರವತ್ತು, ಎಪ್ಪತ್ತು ವರ್ಷಗಳಲ್ಲಿ ಮಾತ್ರ.

ಸ್ವಲ್ಪ ಯೋಚನೆ ಮಾಡಿ. ಕಾಡುಬೆಕ್ಕು ಒಂಟಿ ಪ್ರಾಣಿ. ಗಂಡು, ಹೆಣ್ಣು ಸೇರೋದು ಬೆದೆಯ ಕಾಲದಲ್ಲಿ ಮಾತ್ರ. ತನ್ನ ಜಾತಿಯ ಸಂಗಾತಿ ಸಿಗುವವರೆಗೂ ಅದು ಮನೆಬೆಕ್ಕಿನ ಕಡೆ ಹೆಚ್ಚು ಹೋಗಿರಲಿಲ್ಲ. ಸಂಖ್ಯೆ ತೀರಾ ಕುಸಿದು, ಇಡೀ ಕಣಿವೆ ಸುತ್ತಿದರೂ ಜೋಡಿ ಸಿಗದಂತಾದಾಗ ಊರಂಚಿನ ಬೆಕ್ಕು ಸಿಕ್ಕಿತು. ಅಂದರೆ ಬೆರಕೆಯು ರೋಗವಲ್ಲ, ರೋಗದ ಕೊನೆಯ ಲಕ್ಷಣ. ನಿಜವಾದ ಪೆಟ್ಟು ಬಿದ್ದದ್ದು ಅದಕ್ಕೂ ಮೊದಲು, ಬಂದೂಕು ಮತ್ತು ಕೊಡಲಿಯಿಂದ. ಇದು ನನ್ನ ಓದು, ಆದರೆ ಅಧ್ಯಯನಗಳೂ ಅದೇ ಕಡೆ ಬೊಟ್ಟು ಮಾಡುತ್ತವೆ.

ಹೊವರ್ಡ್-ಮೆಕೂಂಬ್ ತಂಡ ಇನ್ನೊಂದು ವಿಚಿತ್ರವನ್ನೂ ಗಮನಿಸಿತು. ಬೆರಕೆ ಬೆಕ್ಕುಗಳ ಜೀನೋಮಿನಲ್ಲಿ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಜಾಗಗಳಲ್ಲಿ ಮನೆಬೆಕ್ಕಿನ ಪಾಲು ನಿರೀಕ್ಷೆಗಿಂತ ಜಾಸ್ತಿ ಇತ್ತು. ಮನೆಬೆಕ್ಕು ಕಾಡಿಗೆ ತನ್ನ ಕಾಯಿಲೆಗಳನ್ನೂ ಒಯ್ದಿತು, ಆ ಕಾಯಿಲೆಗಳನ್ನು ತಡೆಯುವ ಜೀನುಗಳನ್ನೂ ಒಯ್ದಿತು. ಬೆರಕೆ ಮರಿಗಳು ಬದುಕಿದವು, ಬೆರಕೆಯಿಲ್ಲದವು ಸೋತವು. ಬೆರಕೆ ಇಷ್ಟು ವೇಗವಾಗಿ ಹರಡಿದ್ದಕ್ಕೆ ಇದೂ ಒಂದು ಕಾರಣ ಅಂತ ಅವರ ವಿವರಣೆ.

ಈಗ ಜರ್ಮನಿಗೆ ಹೋಗೋಣ, ಅದೇ ಜಾತಿಯ ಬೆಕ್ಕು, ಬೇರೆ ಫಲಿತಾಂಶ. ಅಲ್ಲಿ ಕಾಡುಗಳು ಉಳಿದವು, ಬೆಕ್ಕುಗಳ ಸಂಖ್ಯೆಯೂ ಏರುತ್ತಿದೆ. ಅಷ್ಟೊಂದು ಮನೆಬೆಕ್ಕುಗಳಿರುವ ದೇಶದಲ್ಲಿ ಬೆರಕೆಯ ಪ್ರಮಾಣ ತೀರಾ ಕಡಿಮೆ. ಇದನ್ನು ಕಂಡುಹಿಡಿದ ವಿಧಾನ ಕೇಳಿದರೆ ನಗು ಬರುತ್ತೆ. ಕಾಡಿನಲ್ಲಿ ಒರಟು ಮರದ ಗೂಟ ನೆಟ್ಟು ಅದಕ್ಕೆ ವಲೇರಿಯನ್ ಬೇರಿನ ಸಾರ ಬಳೀತಾರೆ. ವಲೇರಿಯನ್ ನಮ್ಮ ಜಟಾಮಾಂಸಿಯ ಹತ್ತಿರದ ನೆಂಟ. ಆ ವಾಸನೆಗೆ ಬೆಕ್ಕು ಬಂದು ಮೈ ತಿಕ್ಕುತ್ತೆ, ಒಂದೆರಡು ಕೂದಲು ಅಂಟಿಕೊಳ್ಳುತ್ತೆ. ಸ್ವಯಂಸೇವಕರು ಆ ಕೂದಲನ್ನು ಚಿಮಟದಲ್ಲಿ ತೆಗೆದು ಪ್ರಯೋಗಾಲಯಕ್ಕೆ ಕಳಿಸ್ತಾರೆ. ಬೆಕ್ಕನ್ನು ಹಿಡಿಯೋದೂ ಬೇಡ, ನೋಡೋದೂ ಬೇಡ. ಜೊತೆಗೆ ಹೊಲಗಳ ನಡುವೆ ಗಿಡಮರಗಳ ಪಟ್ಟಿ ಬೆಳೆಸಿ ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ದಾರಿ ಮಾಡಿಕೊಡುವ ಕೆಲಸವೂ ನಡೀತಿದೆ.

ಸ್ಕಾಟ್ಲೆಂಡಿನವರಿಗೆ ಉಳಿದದ್ದು ಮೃಗಾಲಯದ ಬೆಕ್ಕುಗಳು. ಬೆರಕೆ ಹೆಚ್ಚುವ ಕಾಲದಲ್ಲಿ ಕೆಲವು ಬೆಕ್ಕುಗಳು ಪಂಜರದಲ್ಲಿದ್ದವು, ಅವುಗಳ ಸಂತತಿ ಬಹುಮಟ್ಟಿಗೆ ಹಾಗೇ ಉಳಿದುಕೊಂಡಿತ್ತು. ಕೇರ್ನ್‌ಗಾರ್ಮ್ಸ್ ಬೆಟ್ಟಗಳ ಹೈಲ್ಯಾಂಡ್ ವೈಲ್ಡ್‌ಲೈಫ್ ಪಾರ್ಕಿನಲ್ಲಿ, ಜನರ ಕಣ್ಣಿಗೆ ಬೀಳದ ಜಾಗದಲ್ಲಿ ಅವುಗಳ ಮರಿ ಬೆಳೆಸಿದರು. 2023ರಲ್ಲಿ 19 ಬೆಕ್ಕುಗಳಿಗೆ ಜಿಪಿಎಸ್ ಕೊರಳಪಟ್ಟಿ ಕಟ್ಟಿ ಕಾಡಿಗೆ ಬಿಟ್ಟರು. ಮರುವರ್ಷವೇ ಅವು ಕಾಡಿನಲ್ಲಿ ಮರಿ ಹಾಕಿದವು. ಪಂಜರದಲ್ಲಿ ಹುಟ್ಟಿದ ತಾಯಿ, ಬೇಟೆ ಕಲಿತು, ತಾನೇ ಗೂಡು ಹುಡುಕಿ ಮರಿ ಸಾಕಿದೆ, ಸಣ್ಣ ಮಾತಲ್ಲ.

ಇದರ ಜೊತೆ ಇನ್ನೊಂದು ಕೆಲಸ ಇದೆ, ಅದಕ್ಕೆ ಫೋಟೊ ಚೆನ್ನಾಗಿ ಬರೋದಿಲ್ಲ. ಸುತ್ತಲಿನ ಹಳ್ಳಿ, ತೋಟದ ಮನೆಗಳಿಗೆ ಹೋಗಿ, ಬೀಡಾಡಿ ಬೆಕ್ಕುಗಳನ್ನು ಹಿಡಿದು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸೋದು, ಲಸಿಕೆ ಹಾಕಿಸೋದು, ಸಾಕಿದವರ ಮನವೊಲಿಸೋದು. ಬಿಟ್ಟ ಹತ್ತೊಂಬತ್ತಕ್ಕೆ ಮತ್ತೆ ಊರ ಬೆಕ್ಕೇ ಜೋಡಿಯಾದರೆ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಒಂದು ವಿಷಯ ಮಾತ್ರ ಇತ್ಯರ್ಥ ಆಗಿಲ್ಲ. ಕಾಡಿನಲ್ಲಿ ಈಗಾಗಲೇ ಇರುವ ಬೆರಕೆ ಬೆಕ್ಕುಗಳನ್ನು ಏನು ಮಾಡೋದು? ಅವೂ ಇಲಿ, ಮೊಲ ಹಿಡಿದು, ಹಿಮದಲ್ಲಿ ಚಳಿಗಾಲ ಕಳೆದು ಬದುಕುತ್ತವೆ. ರಕ್ತದಲ್ಲಿ ಎಷ್ಟು ಪಾಲು ಇದ್ದರೆ ಕಾಡುಬೆಕ್ಕು? ವಿಜ್ಞಾನಿಗಳು ಒಂದು ಗೆರೆ ಎಳೆದಿದ್ದಾರೆ, ಎಳೆಯಲೇಬೇಕು, ಇಲ್ಲದಿದ್ದರೆ ಕೆಲಸ ಸಾಗೋದಿಲ್ಲ. ಆದರೆ ಗೆರೆ ಎಳೆದದ್ದು ಮನುಷ್ಯ ಅನ್ನೋದು ನೆನಪಿರಲಿ.

ಇನ್ನು ನಮ್ಮ ದೇಶದ ಮಾತು. ಮನೆಬೆಕ್ಕಿನ ಮೂಲ ಫೆಲಿಸ್ ಲಿಬಿಕಾ ಎಂಬ ಜಾತಿ. ಜಗತ್ತಿನಾದ್ಯಂತ 979 ಬೆಕ್ಕುಗಳ ಮಾದರಿ ನೋಡಿ 2007ರಲ್ಲಿ ಕಾರ್ಲೋಸ್ ಡ್ರಿಸ್ಕಾಲ್ ಮತ್ತಿತರರು ಇದನ್ನು ತೋರಿಸಿದರು. ಅದೇ ಲಿಬಿಕಾದ ಏಷ್ಯಾದ ಬಳಗ ಕಛ್ ಮತ್ತು ಥಾರ್‌ನಲ್ಲಿದೆ, ಮರುಭೂಮಿ ಬೆಕ್ಕು ಅಂತಾರೆ. ಅದಕ್ಕೂ ಮನೆಬೆಕ್ಕಿಗೂ ನಡುವೆ ಅಡ್ಡಗೋಡೆ ಇನ್ನೂ ತೆಳು. ಬಯಲು ಹೊಲವಾಗಿ, ಸೋಲಾರ್ ಪಾರ್ಕ್ ಆಗಿ, ಊರು ಒತ್ತಿ ಬರುತ್ತಿರುವ ಜಾಗ ಅದು.

ಕರ್ನಾಟಕದಲ್ಲಿ ಆ ಬೆಕ್ಕಿಲ್ಲ. ನಮ್ಮಲ್ಲಿರುವುದು ಕೆರೆಯಂಚು, ಕಬ್ಬಿನ ಗದ್ದೆಯ ಕಾಡುಬೆಕ್ಕು, ಮಲೆನಾಡಿನ ಚಿರತೆ ಬೆಕ್ಕು, ಮತ್ತೆ ಹೆಚ್ಚೆಂದರೆ ಸುಮಾರು ಒಂದೂವರೆ ಕಿಲೋ ತೂಗುವ ಕಂದು ಚುಕ್ಕೆ ಬೆಕ್ಕು. ಇವುಗಳಲ್ಲಿ ಎಷ್ಟೋ ಬೆಕ್ಕುಗಳ ವಾಸ ಅಭಯಾರಣ್ಯದ ಹೊರಗೆ, ನಮ್ಮ ಹೊಲಗಳಲ್ಲೇ. ಕಬ್ಬು ಕಡಿಯುವಾಗ ಮರಿ ಸಿಕ್ಕರೆ ಜನ ಅನಾಥ ಅಂದ್ಕೊಂಡು ಮನೆಗೆ ತರ್ತಾರೆ, ಹಾಲು ಹಾಕ್ತಾರೆ. ತರಬೇಡಿ. ಸಿಕ್ಕ ಜಾಗದಲ್ಲೇ ಬಿಟ್ಟು, ಆ ಕಡೆ ಕಟಾವು ನಿಲ್ಲಿಸಿ ದೂರ ಸರಿದರೆ ತಾಯಿ ರಾತ್ರಿ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗೋ ಸಾಧ್ಯತೆಯೇ ಹೆಚ್ಚು. ಬರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ತೋಟದ ಮನೆಯಲ್ಲಿ ಬೆಕ್ಕು ಸಾಕಿದ್ದರೆ ಅದಕ್ಕೆ ಲಸಿಕೆ, ಶಸ್ತ್ರಚಿಕಿತ್ಸೆ ಮಾಡಿಸಲು ಹತ್ತಿರದ ಪಶುವೈದ್ಯರನ್ನು ಕೇಳಿ.